ಸೈತು ಇಟ್ಟುಕೊಂಡಿದ್ದ ಹಾಯಿ

ನನ್ನ ಅಕ್ಕನ ಗಂಡ ತರೂಯಾ ಮತ್ತು ಅವನ ತಮ್ಮ ಸೈತು ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ನಡುಗಡಲ ಹವಳದ ದ್ವೀಪದ ನಮ್ಮ ತೆ ತೌತುವದಂಥ ಊರಿನಲ್ಲಿ ಮಾತು ಬಿಟ್ಟು ಬದುಕುವುದು ಸುಲಭದ ಕೆಲಸವಲ್ಲ. ಇರುವುದೇ ಬೆರಳೆಣಿಕೆಯ ಮನೆಗಳು. ಒಂದು ಮನೆಯಲ್ಲಿ ಸೀನಿದರೆ ಊರ ಕೊನೆಯ ಮನೆಯವರು ‘ಏನು, ನೆಗಡಿಯಾ?’ ಎಂದು ಕೇಳುತ್ತಾರೆ. ಆದರೂ ಅವರಿಬ್ಬರು ಅದನ್ನು ಸಾಧಿಸಿದ್ದರು. ಚರ್ಚಿಗೆ ಒಬ್ಬ ಮುಂಬಾಗಿಲಿನಿಂದ ಬಂದರೆ ಇನ್ನೊಬ್ಬ ಪಕ್ಕದ ಬಾಗಿಲಿನಿಂದ ಬರುತ್ತಿದ್ದ. ಊರವರೆಲ್ಲ ಸೇರಿ ಬಲೆ ಎಳೆದ ದಿನ ಮೀನು ಹಂಚುವಾಗ ಇಬ್ಬರ ಪಾಲನ್ನೂ ನನ್ನ ಕೈಗೇ ಕೊಡುತ್ತಿದ್ದರು.

ಜಗಳ ಹುಟ್ಟಿದ್ದು ದೋಣಿಯಿಂದ. ಅವರಪ್ಪ ಕಟ್ಟಿದ ಹಾಯಿದೋಣಿ ಅದು. ಅದರ ದೊಡ್ಡ ಹಾಯಿಯನ್ನೂ ಅವನೇ ಚರ್ಚಿನ ಜಗಲಿಯ ಮೇಲೆ ಹರವಿಕೊಂಡು, ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು, ಸೂಜಿ ಮುರಿಯುತ್ತ ಹೊಲಿದಿದ್ದ. ಅವನು ತೀರಿಕೊಂಡ ಮೇಲೆ ಹಡಗಿನಲ್ಲಿ ಮೋಟಾರುಗಳು ಬಂದವು. ತರೂಯಾ ಎಲ್ಲರಂತೆ ಒಂದನ್ನು ತರಿಸಿ ದೋಣಿಯ ಹಿಂಬದಿಗೆ ಬಿಗಿದ, ಹಾಯಿಮರವನ್ನು ಕಿತ್ತು ಅಂಗಳದಲ್ಲಿ ಒಗೆದ ಬಟ್ಟೆ ಹರವಲು ಅಡ್ಡಕ್ಕೆ ಕಟ್ಟಿದ. ಹಾಯಿಯನ್ನು ಕೊಬ್ಬರಿ ರಾಶಿಯ ಮೇಲೆ ಹೊದಿಸಹೊರಟಾಗ ಸೈತು ಬಂದು ನಿಂತ.

“ಅಪ್ಪ ಇದನ್ನ ಹೊಲಿದಿದ್ದು ಕೊಬ್ಬರಿ ಮುಚ್ಚೋದಕ್ಕಾ?”

“ಅಷ್ಟು ಪ್ರೀತಿ ಇದ್ರೆ ತಗೊಂಡು ಹೋಗು. ರಾತ್ರಿ ಹೊದ್ಕೊಂಡು ಮಲಗು. ಹೇಗೂ ಪಕ್ಕದಲ್ಲಿ ಹೆಂಡತಿ ಇಲ್ವಲ್ಲ” ಅಂದ ತರೂಯಾ.

ಅಂಗಳದಲ್ಲಿದ್ದವರು ನಕ್ಕರು. ಸೈತುವಿನ ಹೆಂಡತಿ ಹಿಂದಿನ ವರ್ಷವಷ್ಟೇ ಹಡಗು ಹತ್ತಿ ರಾಜಧಾನಿಯ ದ್ವೀಪ ರಾರೊಟೊಂಗಾಕ್ಕೆ ಹೋದವಳು ಹಿಂದಿರುಗಿರಲಿಲ್ಲ. ಅವನು ಹಾಯಿಯನ್ನು ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತುಕೊಂಡು ಹೋದ. ಅವತ್ತಿಗೆ ಮಾತು ಮುಗಿಯಿತು.

ಆದರೆ ತರೂಯಾನ ಮಗಳು ತೆಹಿನಾಳಿಗೆ ಈ ಜಗಳ ಲೆಕ್ಕಕ್ಕೇ ಇರಲಿಲ್ಲ. ಹದಿನಾರರ ಹುಡುಗಿ. ಒಬ್ಬಳೇ ಮಗಳು. ಎಳೆ ತೆಂಗಿನ ಗರಿಯ ಟೋಪಿ ಹೆಣೆಯುವುದರಲ್ಲಿ ನನ್ನನ್ನೂ ಮೀರಿಸಿದ್ದಳು, ಬಾಯಿಯಲ್ಲಂತೂ ಊರನ್ನೇ ಮೀರಿಸಿದ್ದಳು. ಚಿಕ್ಕಪ್ಪನ ಮನೆಯಲ್ಲಿ ಬೆಳಗಿನ ಊಟ, ಅಪ್ಪನ ಮನೆಯಲ್ಲಿ ಮಧ್ಯಾಹ್ನದ್ದು, ಸಂಜೆಗೆ ನನ್ನಲ್ಲಿ. “ನನಗೆ ಮೂರು ಅಡುಗೆಮನೆ. ರಾಣಿಗೂ ಇಷ್ಟಿರಲ್ಲ” ಅನ್ನುತ್ತಿದ್ದಳು.

ಆ ಸಲ ಹಡಗು ಬರುವುದು ತಿಂಗಳುಗಟ್ಟಲೆ ತಡವಾಗಿತ್ತು. ಅಕ್ಕಿ, ಹಿಟ್ಟು ಮುಗಿದು ಮೀನು ತೆಂಗಿನಕಾಯಿಗಳಲ್ಲೇ ದಿನ ದೂಡುತ್ತಿದ್ದೆವು. ಓಮೋಕಾದಲ್ಲಿ ಚರ್ಚಿನ ಹೆಂಗಸರ ಕೂಟವಿತ್ತು. ಅದು ಲಗೂನಿನ, ಹವಳದ ದ್ವೀಪ ಬಳಸಿ ನಿಂತ ಒಳಗಡಲಿನ, ಆಚೆ ದಂಡೆಯ ಊರು, ಇಲ್ಲಿಂದ ಕಣ್ಣಿಗೆ ಬರೀ ತೆಂಗಿನ ತುದಿಗಳಾಗಿ ಕಾಣುತ್ತದೆ. ನಮ್ಮ ಹೆಂಗಸರೆಲ್ಲ ಪಾದ್ರಿಯ ಮೋಟಾರು ದೋಣಿಯಲ್ಲಿ ಹೊರಟರು. ಪೆಟ್ರೋಲು ಸಾಲದೆ ಬಂದಾಗ ತರೂಯಾ ತನ್ನ ಮೋಟಾರಿನಲ್ಲಿದ್ದುದನ್ನೂ ಅವರಿಗೇ ಸುರಿದುಕೊಟ್ಟ. ಹೋದವರಲ್ಲಿ ಅವನ ಹೆಂಡತಿ, ನನ್ನ ಅಕ್ಕ ತುವಾಯಿನೆಯೂ ಇದ್ದಳು. ನನಗೆ ಹವಳ ಕೊಯ್ದು ಪಾದ ಬಾತಿದ್ದರಿಂದ ನಾನು ಉಳಿದೆ. ಹೋದವರಿಗೆ ಹಿಂದಿರುಗಲು ಅಲ್ಲಿಯೂ ಪೆಟ್ರೋಲು ಸಿಗಲಿಲ್ಲ. ಹಡಗು ಬರಲಿ ಎಂದು ಅಲ್ಲಿಯೇ ಕುಳಿತರು.

ತೆಹಿನಾಗೆ ಹೊಟ್ಟೆನೋವು ಶುರುವಾದದ್ದು ಆಗ. ಮೊದಲು ಹೊಕ್ಕುಳ ಸುತ್ತ, ಆಮೇಲೆ ಬಲಗಡೆ ಕೆಳಗೆ.

“ಚಿಪ್ಪುಮಾಂಸ ಜಾಸ್ತಿ ತಿಂದಿದಾಳೆ ಅಷ್ಟೇ” ಅಂದ ತರೂಯಾ.

ಮಧ್ಯಾಹ್ನ ರೇಡಿಯೋದಲ್ಲಿ ಓಮೋಕಾದ ನರ್ಸಮ್ಮನ ಜೊತೆ ನಾನೇ ಮಾತಾಡಿದೆ. ಅವಳು ಏನೇನೋ ಕೇಳಿದಳು. ಬಲಗಾಲು ನೀಡಿದರೆ ನೋವಾಗುತ್ತದೆಯಾ, ಒತ್ತಿ ಕೈ ತೆಗೆದಾಗ ಕಿರುಚುತ್ತಾಳಾ. ಎಲ್ಲಕ್ಕೂ ಹೌದು ಅಂದೆ. “ಏನೂ ತಿನ್ನಿಸಬೇಡ ರೂತಾ. ಹೇಗಾದ್ರೂ ಮಾಡಿ ಇವತ್ತೇ ಕರ್ಕೊಂಡು ಬನ್ನಿ. ದೊಡ್ಡಾಸ್ಪತ್ರೆಗೆ ಸಾಗಿಸೋಕೆ ನಾನು ವಿಮಾನಕ್ಕೆ ಹೇಳ್ತೀನಿ” ಅಂದಳು.

ಹೊರಗೆ ಬಂದರೆ ತೆಂಗಿನ ಗರಿಗಳೆಲ್ಲ ಪಡುವಣಕ್ಕೆ ಬಾಗಿದ್ದವು. ಮೂಡಣ ಗಾಳಿ, ಓಮೋಕಾಕ್ಕೆ ಬೆನ್ನಿಗೆ ಕೈಯಿಟ್ಟು ದೂಡುವಂಥ ಗಾಳಿ. ಊರಿನಲ್ಲಿದ್ದ ಪುಟ್ಟ ಓಡಗಳಲ್ಲಿ ಇಬ್ಬರು ಕುಳಿತರೆ ಮೂರನೆಯವರಿಗೆ ಜಾಗವಿರಲಿಲ್ಲ, ಕಾಯಿಲೆಯ ಹುಡುಗಿಯನ್ನು ಅದರಲ್ಲಿ ಮಲಗಿಸುವುದೆಲ್ಲಿ? ದಡದ ಮೇಲೆ ತರೂಯಾನ ದೋಣಿಯಿತ್ತು. ಮರ ಅಂಗಳದಲ್ಲಿತ್ತು. ಹಾಯಿ ಸೈತುವಿನ ಮನೆಯ ತೊಲೆಗೆ ತೂಗುತ್ತಿತ್ತು.

“ಭಾವ, ಸೈತು ಹತ್ರ ಹಾಯಿ ಇದೆಯಲ್ಲ.”

“ಅವನ ಬಾಗಿಲಿಗೆ ನಾನು ಹೋಗಲ್ಲ.”

“ನೀನ್ಯಾಕೆ ಹೋಗ್ಬೇಕು? ನಾನು ತರ್ತೀನಿ. ಅವನು ಮನೇಲೂ ಇಲ್ಲ, ಹವಳದ ದಿಬ್ಬದ ಕಡೆ ಮೀನಿಗೆ ಹೋಗಿದಾನೆ.”

“ಅವನಿಲ್ಲದಾಗ ಎತ್ಕೊಂಡು ಬಂದು ಕಳ್ಳ ಅನ್ನಿಸ್ಕೋಬೇಕಾ? ಸುಮ್ನಿರು ರೂತಾ. ಹಡಗು ಇವತ್ತೋ ನಾಳೆಯೋ ಬರುತ್ತೆ. ಹೊಟ್ಟೆನೋವು ಬರದೇ ಇರೋ ಮಕ್ಕಳಿದಾರಾ?”

ನಾನು ಬಿಡಲಿಲ್ಲ, ಅವನು ಬಗ್ಗಲಿಲ್ಲ. ಅವನ ದೋಣಿ, ಅವನ ಮಗಳು. ಜಗಳವಾಡುತ್ತಿರುವಾಗಲೇ ಒಳಗಿನಿಂದ ತೆಹಿನಾ ಕೂಗಿದಳು. “ಚಿಕ್ಕಿ, ನೋವು ಹೋಯ್ತು! ಇದ್ದಕ್ಕಿದ್ದ ಹಾಗೆ ಹೋಯ್ತು!” ನಿಜವಾಗಿ ಅವಳ ಮುಖ ತಿಳಿಯಾಗಿತ್ತು. ತರೂಯಾ ನನ್ನ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದ. ಹೊಟ್ಟೆಯೊಳಗೆ ಏನೋ ಒಡೆದಾಗ ಹಾಗೆ ನೋವು ನಿಲ್ಲುತ್ತದೆ ಎಂದು ನರ್ಸಮ್ಮ ನನಗೆ ಹೇಳಿದ್ದು ಬಹಳ ಆಮೇಲೆ.

ಬೆಳಗ್ಗೆ ಅವಳ ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿತ್ತು. ಮೈ ಸುಡುತ್ತಿತ್ತು. ತರೂಯಾ ಒಂದು ಸಲ ಮುಟ್ಟಿ ನೋಡಿ, ಕೈ ಹಿಂದಕ್ಕೆಳೆದುಕೊಂಡು, ನೆಲ ನೋಡುತ್ತ “ಹೋಗು, ಕೇಳು ಅವನನ್ನ” ಅಂದ.

ಸೈತು ಮನೆಯ ಮುಂದೆ ಎಳನೀರು ಕೆತ್ತುತ್ತಿದ್ದ. ನಾನು ಕುಂಟುತ್ತ ಬರುವುದನ್ನು ಕಂಡು, “ಏನು ರೂತಾ, ಬೆಳಗಾಗೆದ್ದು ನನ್ನ ಮದುವೆ ಮಾತಾಡೋಕೆ ಬಂದ್ಯಾ?” ಅಂದ. ನಾನು ವಿಷಯ ಹೇಳಿದೆ. ಪೂರ್ತಿ ಹೇಳಲೂ ಬಿಡಲಿಲ್ಲ. ಕತ್ತಿ ಬಿಸುಟು ಒಳಗೆ ಹೋಗಿ ತೊಲೆಗೆ ಕಟ್ಟಿದ್ದ ಹಗ್ಗ ಕಡಿದ. ಹಾಯಿಯ ಸುರುಳಿ ದೊಪ್ಪನೆ ಅವನ ಹೆಗಲ ಮೇಲೆ ಬಿತ್ತು. ಪ್ರತಿ ಬೇಸಿಗೆಯಲ್ಲೂ ಅದನ್ನು ಇಳಿಸಿ ಬಿಸಿಲಿಗೆ ಹಾಕಿ, ಹರಿದಲ್ಲಿ ಹೊಲಿದು, ಮತ್ತೆ ಕಟ್ಟಿಡುತ್ತಿದ್ದ. ಒಂದು ತೂತೂ ಇರಲಿಲ್ಲ ಅದರಲ್ಲಿ.

“ನೆನ್ನೆ ಯಾಕೆ ತಗೊಂಡು ಹೋಗ್ಲಿಲ್ಲ?”

“ನೀನಿರಲಿಲ್ಲ.”

“ನನ್ನ ಮನೆಗೆ ಬಾಗಿಲೇ ಇಲ್ವಲ್ಲ ರೂತಾ.”

ನಾನು ತರೂಯಾನ ಮನೆಯ ಕಡೆ ನೋಡಿದೆ. ಅವನಿಗೆ ಅರ್ಥವಾಯಿತು. ಓಡುವ ಹಾಗೆ ದಡಕ್ಕೆ ನಡೆದ.

ದಡದಲ್ಲಿ ತರೂಯಾ ಮೋಟಾರನ್ನು ಬಿಚ್ಚಿ ಮರಳ ಮೇಲೆ ಎಸೆದಿದ್ದ. ನೆರೆಯ ಇಬ್ಬರು ಗಂಡಸರು ಹಾಯಿಮರವನ್ನು ಹೊತ್ತು ತಂದರು. ಯಾರದೋ ಲಂಗ ಅದಕ್ಕೆ ಇನ್ನೂ ಅಂಟಿಕೊಂಡಿತ್ತು. ಮರ ನಿಲ್ಲಿಸುವ ಮೊದಲು ಅದನ್ನು ಮುಂದಕ್ಕೂ ಎರಡು ಮಗ್ಗುಲಿಗೂ ಎಳೆದು ಹಿಡಿಯುವ ತಂತಿಗಳನ್ನು ನೋಡಬೇಕಿತ್ತು. ನೋಡಿದರೆ, ಮುಟ್ಟಿದಲ್ಲೆಲ್ಲ ತುಕ್ಕು ಉದುರಿತು. ಸೈತು ತನ್ನ ಮನೆಯಿಂದ ಹಡಗಿನ ನೈಲಾನ್ ಹಗ್ಗ ತಂದು ಹಾಕಿದ. ಮರದ ಬುಡವನ್ನು ದೋಣಿಯ ತಳದ ಗುಳಿಯಲ್ಲಿ ಕೂರಿಸಿ ಎತ್ತಿದರು. ಅಣ್ಣ ಬಲಗಡೆ ಹಗ್ಗ ಬಿಗಿದ, ತಮ್ಮ ಎಡಗಡೆ. ಇಷ್ಟೆಲ್ಲ ಆದರೂ ಇಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ.

“ರೂತಾ, ಅವನಿಗೆ ಹೇಳು. ಮರ ಎಡಕ್ಕೆ ವಾಲಿದೆ, ಸಡಿಲ ಬಿಡಬೇಕು.”

“ರೂತಾ, ಅವನಿಗೆ ಹೇಳು. ವಾಲಿರೋದು ಮರ ಅಲ್ಲ, ನೋಡೋರ ಕಣ್ಣು.”

ತೆಹಿನಾಳನ್ನು ಚಾಪೆಯ ಮೇಲೆ ಮಲಗಿಸಿ ಆಗಲೇ ನೆರಳಿಗೆ ತಂದಿದ್ದರು. ಅವಳು ಕಣ್ಣು ತೆರೆಯದೆಯೇ ಹೇಳಿದಳು: “ಚಿಕ್ಕಿ, ನಾನು ಸತ್ರೂ ಇವರಿಬ್ರು ನಿನ್ನ ಬಾಯಲ್ಲೇ ಅಳ್ತಾರಾ?”

ಮಗ್ಗುಲಲ್ಲಿದ್ದವರು ನಕ್ಕುಬಿಟ್ಟರು. ಅಣ್ಣತಮ್ಮಂದಿರು ನಗಲಿಲ್ಲ. ಸ್ವಲ್ಪ ಹೊತ್ತಿಗೆ ಸೈತು ಹಗ್ಗದ ಮೇಲೆ ಕಣ್ಣಿಟ್ಟುಕೊಂಡೇ, “ಕೆಳಗಿನ ದಂಡ ಎಲ್ಲಿ?” ಎಂದು ನೇರವಾಗಿ ಕೇಳಿದ. “ಹಂದಿಗೂಡಿನ ಮೇಲಿದೆ, ತರ್ತೀನಿ” ಅಂದ ತರೂಯಾ. ಇಷ್ಟು ವರ್ಷಗಳ ನಂತರ ಅವರು ಆಡಿದ ಮೊದಲ ಮಾತು ಅದು.

ದಂಡ ಬಂತು. ಅದರ ಒಂದು ತುದಿಯನ್ನು ಮರಕ್ಕೆ ಅಡ್ಡಲಾಗಿ ಸಿಕ್ಕಿಸಿ, ಹಾಯಿಯ ಕೆಳ ಅಂಚನ್ನು ಅದರುದ್ದಕ್ಕೂ ಕಟ್ಟುತ್ತ ಹೋದರು. ಸೈತು ಮರದ ಕಡೆಯಿಂದ ಶುರುಮಾಡಿದ, ತರೂಯಾ ಹಿಂದಿನ ಮೂಲೆಯಿಂದ. ಮೂಲೆಯ ಹಿತ್ತಾಳೆ ಕಣ್ಣಿಗೆ ಹಗ್ಗ ಪೋಣಿಸಿ, ದಂಡದ ತುದಿಗೆ ಎಳೆದು ಬಿಗಿಮಾಡಿದರು. ಹಾಯಿಯ ಮುಂದಿನ ಅಂಚನ್ನು ಹಾಯಿಮರಕ್ಕೆ ಹಿಡಿಸುವ ಮರದ ಬಳೆಗಳಲ್ಲಿ ಎರಡು ಮುರಿದಿದ್ದವು. ಅಲ್ಲಿ ಹಗ್ಗದ ಕುಣಿಕೆ ಹಾಕಿದರು. ಅಪ್ಪ ಕಲಿಸಿದ್ದನ್ನು ಕೈಗಳು ಮರೆತಿರಲಿಲ್ಲ. ಇಬ್ಬರೂ ಗಂಟು ಹಾಕಿ ಹಲ್ಲಿನಿಂದ ಎಳೆಯುವ ರೀತಿ ಒಂದೇ ಆಗಿತ್ತು.

ದೋಣಿಯನ್ನು ನೀರಿಗಿಳಿಸಿ, ಮೂತಿಯನ್ನು ಗಾಳಿಗೆ ತಿರುಗಿಸಿ ಹಿಡಿದೆವು. ತರೂಯಾ ಹಾಯಿ ಏರಿಸುವ ಹಗ್ಗ ಎಳೆದ. ಬಟ್ಟೆ ಪಟಪಟನೆ ಬಡಿದುಕೊಳ್ಳುತ್ತ ಅರ್ಧ ಮರದವರೆಗೆ ಏರಿ ನಿಂತುಬಿಟ್ಟಿತು. ಮೇಲೂ ಹೋಗದು, ಕೆಳಗೂ ಬಾರದು. ಮರದ ತುದಿಯ ರಾಟೆಯಲ್ಲಿ ಹಗ್ಗ ಗಾಲಿ ಬಿಟ್ಟು ಜಾರಿ, ಗಾಲಿಗೂ ರಾಟೆಯ ಪಕ್ಕದ ಹಲಗೆಗೂ ನಡುವೆ ಕಚ್ಚಿಕೊಂಡಿತ್ತು. ಇಷ್ಟು ವರ್ಷ ಮಳೆಬಿಸಿಲಿಗೆ ಬಿದ್ದ ಗಾಲಿ ಊದಿಕೊಂಡಿತ್ತು.

“ಮೊದಲೇ ನೋಡಬಾರದಿತ್ತಾ!” ತರೂಯಾ ಕೂಗಿದ.

“ಬಟ್ಟೆ ಒಣಗಿಸ್ತಿದ್ದವನು ನೀನು. ನೀನು ನೋಡಬೇಕಿತ್ತು.”

ಮತ್ತೆ ಎಲ್ಲ ಬಿಚ್ಚಿ ಮರ ಮಲಗಿಸಬೇಕಾಯಿತು. ಸೈತು ರಾಟೆಯನ್ನು ಕಿತ್ತು, ಚಾಕುವಿನಿಂದ ಗಾಲಿಯನ್ನು ಹೆರೆದು, ತೆಂಗಿನೆಣ್ಣೆ ಸವರಿ, ತಿರುಗಿಸಿ, ಮತ್ತೆ ಹೆರೆದ. ಅವನ ಬೆರಳಿನಿಂದ ರಕ್ತ ಬರುತ್ತಿತ್ತು. ತರೂಯಾ ಮಗಳ ಚಾಪೆಗೂ ದೋಣಿಗೂ ನಡುವೆ ಹೋಗುತ್ತಲೂ ಬರುತ್ತಲೂ ಇದ್ದ. ಪ್ರತಿ ಸಲ ಬಂದಾಗಲೂ “ಆಯ್ತಾ?” ಅನ್ನುತ್ತಿದ್ದ. ತೆಹಿನಾ ಈಗ ತಮಾಷೆ ಮಾಡುತ್ತಿರಲಿಲ್ಲ. ಹಸಿರು ಹಸಿರಾಗಿ ಕಾರಿಕೊಂಡಳು. ಹಾಯಿ ಕೊನೆಗೂ ಮರದ ತುದಿ ಮುಟ್ಟಿದಾಗ ಸೂರ್ಯ ತೆಂಗಿನ ತಲೆ ದಾಟಿ ಮೇಲೆ ಬಂದಿದ್ದ.

ಹೊರಟಾಗ ಗಾಳಿ ಚೆನ್ನಾಗಿಯೇ ಇತ್ತು. ಸೈತು ಚುಕ್ಕಾಣಿ ಹಿಡಿದ. ತರೂಯಾ ದಂಡದ ಹಗ್ಗ ಹಿಡಿದು ಹಾಯಿಯನ್ನು ಪೂರ್ತಿ ಹೊರಕ್ಕೆ ಬಿಟ್ಟ. ನಾನು ತಳದಲ್ಲಿ ತೆಹಿನಾಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ನೀರಿನಡಿಯ ಹವಳದ ಬಂಡೆಗಳು ಕಂದು ಬಣ್ಣದಲ್ಲಿ ಕಾಣಿಸಿದೊಡನೆ ತರೂಯಾ “ಎಡಕ್ಕೆ” ಅನ್ನುತ್ತಿದ್ದ, “ಬಲಕ್ಕೆ” ಅನ್ನುತ್ತಿದ್ದ, ಸೈತು ತಿರುಗಿಸುತ್ತಿದ್ದ. ನಮ್ಮೂರು ಹಿಂದೆ ತೆಳುವಾಯಿತು.

“ಚಿಕ್ಕಪ್ಪ, ಇದು ತಾತನ ಹಾಯಿನಾ?” ಅವಳು ಮೇಲೆ ನೋಡುತ್ತ ಕೇಳಿದಳು.

“ಹೌದು ಮಗಳೇ.”

“ಎಷ್ಟು ಬೆಳ್ಳಗಿದೆ. ನೀನು ನಿಜವಾಗ್ಲೂ ಹೊದ್ಕೊಂಡು ಮಲಗ್ತಿದ್ಯಾ? ಅಮ್ಮ ಹೇಳ್ತಿದ್ಲು.”

“ಚಳಿಯಾದಾಗ” ಅಂದ ಸೈತು.

ಅವಳು ನಗಲು ಹೋಗಿ ನೋವಿನಿಂದ ಮುದುಡಿದಳು. ತರೂಯಾ ಮುಖ ತಿರುಗಿಸಿಕೊಂಡ.

ನಡುನೀರಿಗೆ ಬಂದಾಗ ಬಲಗಡೆಯಿಂದ ಮಳೆಯ ಕಪ್ಪು ಗೋಡೆ ಬಂತು. ಒಂದು ಹೊಡೆತ ಹೊಡೆದು ನಮ್ಮನ್ನೆಲ್ಲ ತೋಯಿಸಿ ಹೋಯಿತು. ಅದು ಹೋಗುವಾಗ ಗಾಳಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಲಗೂನು ಎಣ್ಣೆ ಸುರಿದಂತೆ ನಯವಾಯಿತು. ಹಾಯಿ ಜೋತುಬಿತ್ತು, ದೋಣಿ ತುಸು ಅಲುಗಿದಾಗ ಒದ್ದೆ ಬಟ್ಟೆ ಮರಕ್ಕೆ ಬಡಿದು ಚಟ್ ಅನ್ನುತ್ತಿತ್ತು. ಮೋಟಾರು ಬಂದ ಮೇಲೆ ಉದ್ದ ಹುಟ್ಟುಗಳನ್ನು ಯಾರೂ ಇಟ್ಟುಕೊಂಡಿರಲಿಲ್ಲ. ನಮ್ಮಲ್ಲಿದ್ದುದು ದಡ ಮುಟ್ಟಿಸಲು ಬಳಸುವ ಎರಡು ಗಿಡ್ಡ ಹುಟ್ಟುಗಳು. ಅಣ್ಣತಮ್ಮಂದಿರು ಒಂದೊಂದು ಮಗ್ಗುಲಿಗೆ ಮಂಡಿಯೂರಿ ನೀರು ತಳ್ಳತೊಡಗಿದರು. ಆ ಭಾರದ ದೋಣಿ ಆಮೆಯಂತೆ ಸರಿಯಿತು. ಬಿಸಿಲು ನೆತ್ತಿಗೆ ಬಂತು. ನಾನು ನನ್ನ ಮೇಲುಹೊದಿಕೆಯನ್ನು ನೀರಿನಲ್ಲಿ ಅದ್ದಿ ಅವಳ ಹಣೆಯ ಮೇಲೆ ಇಡುತ್ತಿದ್ದೆ. ಇಟ್ಟೊಡನೆ ಬಿಸಿಯಾಗುತ್ತಿತ್ತು.

“ಗಾಳಿ ಬರುತ್ತಾ?” ತರೂಯಾ ಕೇಳಿದ.

“ಬರುತ್ತೆ” ಅಂದ ಸೈತು.

ಸ್ವಲ್ಪ ಹೊತ್ತಿಗೆ ಮತ್ತೆ, “ಬರುತ್ತಾ ಸೈತು?”

“ಬರುತ್ತೆ ಅಣ್ಣ. ನೀನು ನಿಲ್ಲಿಸಬೇಡ.”

ತೆಹಿನಾ ಏನೇನೋ ಮಾತಾಡುತ್ತಿದ್ದಳು. ಟೋಪಿಯ ಅಂಚು ಇನ್ನೂ ಮುಗಿದಿಲ್ಲ, ಬಿಳಿ ಗರಿ ಬೇರೆ ಇಡು, ಕೋಳಿ ಒಳಗೆ ಬಂದಿದೆ ಓಡಿಸು. ಆಮೇಲೆ ಸ್ಪಷ್ಟವಾಗಿ, “ಅಮ್ಮ ಕಾಯ್ತಿದಾಳಾ?” ಅಂದಳು. “ದೋಣಿಕಟ್ಟೆ ಮೇಲೇ ನಿಂತಿದಾಳೆ ನೋಡು” ಅಂದೆ. ನೋಡಲಿಲ್ಲ. ಉಸಿರು ಚಿಕ್ಕ ಚಿಕ್ಕದಾಗುತ್ತ ಹೋಯಿತು. ನಾನು ಅವಳ ಬಾಯಿಯ ಬಳಿ ಕೆನ್ನೆ ಹಿಡಿದೆ. ಒಂದು ಉಸಿರು ತಾಗಿತು. ಇನ್ನೊಂದಕ್ಕೆ ಕಾದೆ.

ಅವರಿಬ್ಬರೂ ಬೆನ್ನು ಬಗ್ಗಿಸಿ ಹುಟ್ಟು ಹಾಕುತ್ತಲೇ ಇದ್ದರು. ನಾನು ಒದ್ದೆ ಹೊದಿಕೆಯನ್ನು ಅವಳ ಹಣೆಯಿಂದ ತೆಗೆದೆ. ಸೈತು ತಿರುಗಿ ನೋಡಿದವನು ನನ್ನ ಮುಖ ನೋಡಿ ಹುಟ್ಟನ್ನು ಕೆಳಗಿಟ್ಟ. ತರೂಯಾ ತಿರುಗಲಿಲ್ಲ. “ನಿಲ್ಲಿಸಬೇಡ ಅಂದೆಯಲ್ಲೋ, ಹಾಕು, ಹಾಕು” ಎನ್ನುತ್ತ ಒಬ್ಬನೇ ತಳ್ಳಿದ. ದೋಣಿ ಒಂದೇ ಕಡೆಗೆ ಸುತ್ತತೊಡಗಿತು. ಸೈತು ಹೋಗಿ ಅವನ ಕೈಯಿಂದ ಹುಟ್ಟನ್ನು ಬಿಡಿಸಿಕೊಳ್ಳುವವರೆಗೂ ಸುತ್ತುತ್ತಲೇ ಇತ್ತು.

ಗಾಳಿ ಬಂದದ್ದು ಆಮೇಲೆ. ಮೊದಲು ನೀರಿನ ಮೇಲೆ ಸಣ್ಣ ಸುಕ್ಕು, ಆಮೇಲೆ ಹಾಯಿಯ ಅಂಚಿನಲ್ಲಿ ನಡುಕ, ಆಮೇಲೆ ಒಂದೇ ಸಲಕ್ಕೆ ದಂಡ ಹೊರಕ್ಕೆ ಹಾರಿ ಹಾಯಿ ತುಂಬಿಕೊಂಡಿತು. ದೋಣಿ ಮೂತಿಯೆತ್ತಿ ಓಡಿತು. ಅಂಥ ಓಟವನ್ನು ನಾನು ಚಿಕ್ಕವಳಿದ್ದಾಗ ಪಂದ್ಯದ ದಿನಗಳಲ್ಲಿ ನೋಡಿದ್ದೆ. ಸೈತು ಚುಕ್ಕಾಣಿಗೆ ಹೋದ. ಇನ್ನೆಲ್ಲಿಗೆ ಹೋಗುವುದು? ಅವಳ ತಾಯಿ ಅಲ್ಲಿದ್ದಳು.

ಓಮೋಕಾದ ಕಟ್ಟೆಯ ಮೇಲೆ ಊರಿಗೆ ಊರೇ ನೆರೆದಿತ್ತು. ನಾವು ಹೊರಟ ವಿಷಯ ರೇಡಿಯೋದಲ್ಲಿ ಗೊತ್ತಾಗಿತ್ತು. ಬಿಳಿ ಹಾಯಿ ತುಂಬಿಕೊಂಡು ಬರುವುದನ್ನು ಕಂಡು ಮುದುಕರು ಎದ್ದು ನಿಂತರು. ಯಾರೋ ಚಪ್ಪಾಳೆ ತಟ್ಟಿದರು, ಹಿಂದೆ ಪಂದ್ಯದಲ್ಲಿ ತಟ್ಟುತ್ತಿದ್ದಂತೆ ಎಲ್ಲರೂ ತಟ್ಟಿದರು. ಮಕ್ಕಳು ಕಟ್ಟೆಯುದ್ದಕ್ಕೂ ಓಡಿದರು.

“ನೋಡ್ರೋ, ಅಣ್ಣತಮ್ಮ ಒಂದೇ ದೋಣೀಲಿ! ಪ್ರಳಯ ಹತ್ರ ಬಂತು!” ಎಂದು ಒಬ್ಬ ಕೂಗಿದ. ನಗು ನೀರಿನ ಮೇಲೆ ನಮ್ಮವರೆಗೂ ಬಂತು. ನನ್ನ ಅಕ್ಕ ಮುಂದೆಯೇ ನಿಂತಿದ್ದಳು, ಪಕ್ಕದಲ್ಲಿ ನರ್ಸಮ್ಮ, ಹಿಂದೆ ಹಲಗೆ ಹಿಡಿದ ಇಬ್ಬರು. ತುವಾಯಿನೆ ನಗುತ್ತಿದ್ದಳು. ಎರಡೂ ಕೈ ಎತ್ತಿ ಬೀಸುತ್ತಿದ್ದಳು. ನಾನು ಕೈಯೆತ್ತಲಿಲ್ಲ, ತಲೆಯಾಡಿಸಲೂ ಆಗಲಿಲ್ಲ.

ಕಟ್ಟೆಯ ಹತ್ತಿರ ಬಂದಾಗ ಸೈತು ಮೂತಿ ತಿರುಗಿಸಿದ. ತರೂಯಾ ಎದ್ದು ಹಗ್ಗದ ಗಂಟು ಬಿಚ್ಚಿದ, ಬಿಗಿಹಿಡಿದು ಮೆಲ್ಲಗೆ ಇಳಿಸುವ ಬದಲು ಕೈಬಿಟ್ಟ. ಹಾಯಿ ಒಮ್ಮೆಲೇ ಸರ್‍ರೆಂದು ಇಳಿದು ನಮ್ಮ ನಾಲ್ವರ ಮೇಲೂ ಬಿತ್ತು. ಒಳಗೆ ಹಾಲಿನಂಥ ಬೆಳಕು. ತರೂಯಾ ಕುಸಿದು ಕುಳಿತ. ಬಟ್ಟೆಯನ್ನು ಸರಿಸಲು ಯಾರೂ ಕೈ ಎತ್ತಲಿಲ್ಲ. ಮೇಲಿನಿಂದ ಜನ ಇನ್ನೂ ತಮಾಷೆ ಮಾಡುತ್ತಿದ್ದರು. “ಏನ್ರೋ, ಹಾಯಿ ಇಳಿಸೋದೂ ಮರೆತುಹೋಯ್ತಾ? ಮೋಟಾರಿನವರು!” ಆ ಹೊದಿಕೆಯೊಳಗೆ ನಾವು ಎಷ್ಟು ಹೊತ್ತು ಕುಳಿತಿದ್ದೆವೋ. ಅಂಚನ್ನು ಎತ್ತಿದ್ದು ನನ್ನ ಅಕ್ಕ.

ಆಗ ಏನಾಯಿತೆಂದು ಹೇಳಲಾರೆ. ಅವಳ ಕೂಗು ಈಗಲೂ ನನ್ನ ಕಿವಿಯಲ್ಲಿದೆ, ಅದನ್ನು ಮಾತಿನಲ್ಲಿ ಹೇಳುವುದು ಬೇಡ.

ಮಗಳನ್ನು ನರ್ಸಮ್ಮನ ಮನೆಯ ಜಗಲಿಯಲ್ಲಿ ಮಲಗಿಸಿ, ತೊಳೆದು, ಬಿಳಿಯದನ್ನು ಉಡಿಸಿದ ಮೇಲೆ ತುವಾಯಿನೆ ಸುಮ್ಮನಾದಳು. ಸುಮ್ಮನಾದ ಮೇಲೆ ಕೇಳಿದಳು. ದನಿ ಏರಿಸದೆ, ಗೊತ್ತಿಲ್ಲದ್ದನ್ನು ತಿಳಿದುಕೊಳ್ಳುವವಳಂತೆ.

“ನೆನ್ನೆ ದಿನವಿಡೀ ಗಾಳಿ ಇತ್ತು. ನಾನು ಇಲ್ಲೇ ನಿಂತು ನೋಡ್ತಿದ್ದೆ. ನರ್ಸಮ್ಮ ನೆನ್ನೆನೇ ಹೇಳಿದ್ಲಂತೆ. ನೆನ್ನೆ ಯಾಕೆ ಬರಲಿಲ್ಲ?”

ತರೂಯಾನ ತುಟಿ ಅಲುಗಿತು. ಬಣ್ಣ ಹೋಗಿ ಅವನ ಮುಖ ಬೂದಿಯಂತಾಗಿತ್ತು. ಅವನು ಹೇಳುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಹೇಳುವಷ್ಟು ಹೊತ್ತನ್ನು ಸೈತು ಕೊಡಲಿಲ್ಲ.

“ಹಾಯಿ ಸರಿ ಇರಲಿಲ್ಲ ಅತ್ತಿಗೆ. ಇಲಿ ಕಡಿದಿತ್ತು. ಅಣ್ಣ ನೆನ್ನೆ ಮಧ್ಯಾಹ್ನವೇ ಬಂದು ಕೇಳಿದ. ಹೊಲಿಯೋದಕ್ಕೆ ನನಗೆ ದಿನ ಹಿಡೀತು.”

ಅಕ್ಕ ಅವನನ್ನು ನೋಡಿದಳು.

“ಇಷ್ಟು ವರ್ಷ ಹಟಕ್ಕೆ ಇಟ್ಕೊಂಡಿದ್ದೆ. ಉಪಯೋಗಕ್ಕೂ ಇಲ್ಲ, ಕೊಡೋದೂ ಇಲ್ಲ. ಇಲಿಗೆ ಹಾಕಿದೆ. ನನ್ನ ಮಗಳನ್ನೂ ಹಾಕಿದೆ” ಅಂದಳು. ಆಮೇಲೆ ಅವನ ಮುಖಕ್ಕೆ ಉಗುಳಿದಳು. ಸೈತು ಒರೆಸಿಕೊಳ್ಳಲಿಲ್ಲ. ನಾನು ತರೂಯಾನನ್ನು ನೋಡಿದೆ. ಅವನು ಗೋಡೆಗೆ ಮುಖಮಾಡಿ ನಿಂತಿದ್ದ. ಅಲ್ಲಿದ್ದವರೆಲ್ಲ ಅದನ್ನು ದುಃಖವೆಂದು ತಿಳಿದರು.

ಮರುದಿನ ಬೆಳಗ್ಗೆ ಓಮೋಕಾದಲ್ಲೇ ಮಣ್ಣು ಮಾಡಿದೆವು. ಆ ಹಾಯಿಯ ಕೆಳಗೆ ತನ್ನ ಮಗಳನ್ನು ಇನ್ನೊಮ್ಮೆ ಮಲಗಿಸಲು ಅಕ್ಕ ಒಪ್ಪಲಿಲ್ಲ. ವಿಮಾನ ಬೇಡವೆಂದು ರೇಡಿಯೋದಲ್ಲಿ ಹೇಳಿ ಆಗಿತ್ತು. ಅಕ್ಕನನ್ನು ಹೆಂಗಸರ ಜೊತೆ ಬಿಟ್ಟು ನಾವು ಮೂವರು ಊರಿಗೆ ಹೊರಟೆವು. ಈಗ ಗಾಳಿ ಎದುರಿಗೆ. ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಓರೆಯಾಗಿ ಹೋಗುತ್ತ, ಪ್ರತಿ ತಿರುವಿನಲ್ಲೂ ದಂಡದ ಕೆಳಗೆ ತಲೆ ಬಗ್ಗಿಸುತ್ತ, ದಿನವೆಲ್ಲ ಹೋದೆವು.

“ಯಾಕೆ ಹಾಗೆ ಹೇಳ್ದೆ?” ಎಂದು ತರೂಯಾ ಕೇಳಿದ್ದು ಬಹಳ ದೂರ ಬಂದ ಮೇಲೆ.

“ಅವಳು ನಿನ್ನ ಜೊತೆ ಬಾಳಬೇಕು. ನನ್ನ ಜೊತೆ ಅಲ್ವಲ್ಲ.”

“ನಾನು ಹೇಳ್ತೀನಿ ಅವಳಿಗೆ. ಸ್ವಲ್ಪ ದಿನ ಹೋಗಲಿ.”

“ಹೇಳು, ಬಿಡು, ನಿನ್ನಿಷ್ಟ. ನಾನು ಅದನ್ನ ಹೇಳಿದ್ದು ನಿನಗಾಗಿ ಅಂತ ಮಾತ್ರ ಅಂದ್ಕೋಬೇಡ. ಅವಳ ಮುಖ ನೋಡಲಾರದೆ ಹೇಳಿದೆ.” ಆಮೇಲೆ, “ಬಾಗಿಲೇ ಇಲ್ಲದ ಮನೆ ಅಣ್ಣ ನಂದು” ಅಂದ. ಅಷ್ಟು ಹೇಳಿ ಚುಕ್ಕಾಣಿ ತಿರುಗಿಸಿದ.

ಹಡಗು ಅದೇ ವಾರ ಬಂತು. ಅಕ್ಕಿ, ಹಿಟ್ಟು, ಡ್ರಮ್ಮುಗಟ್ಟಲೆ ಪೆಟ್ರೋಲು ಇಳಿಯಿತು. ಸೈತು ಅದರಲ್ಲೇ ಹೊರಟುಹೋದ. ರಾರೊಟೊಂಗಾದಲ್ಲಿ ಯಾವುದೋ ರಸ್ತೆ ಕೆಲಸದಲ್ಲಿದ್ದಾನೆಂದು ಒಬ್ಬರು, ನ್ಯೂಜಿಲೆಂಡಿಗೆ ಹೋದನೆಂದು ಇನ್ನೊಬ್ಬರು ಹೇಳಿದರು. ಅವನಿಂದ ಸುದ್ದಿ ಬರಲಿಲ್ಲ.

ಪೆಟ್ರೋಲು ಸಿಕ್ಕ ಮೇಲೆ ತುವಾಯಿನೆ ಉಳಿದ ಹೆಂಗಸರ ಜೊತೆ ಊರಿಗೆ ಬಂದಳು. ಬೆಳಗಾದರೆ ನನ್ನ ಜಗಲಿಗೆ ಬಂದು ಟೋಪಿ ಹೆಣೆಯಲು ಕೂರುತ್ತಿದ್ದಳು. ಗರಿ ಸೀಳುತ್ತ ಸೈತುವಿಗೆ ಶಾಪ ಹಾಕುತ್ತಿದ್ದಳು. ಅವನಿಗೆ ನೀರು ಸಿಗದಿರಲಿ, ಅವನು ಸತ್ತಾಗ ಮಣ್ಣು ಹಾಕುವವರಿಲ್ಲದಿರಲಿ. ಆ ಮಾತುಗಳ ನಡುವೆ, “ಇಲ್ಲಿ ಎರಡು ಎಳೆ ಬಿಡ್ಬೇಕಾ, ಒಂದಾ?” ಎಂದು ಕೇಳುತ್ತಿದ್ದಳು. ಹೆಣಿಗೆಯಲ್ಲಿ ಒಂದು ಎಳೆಯೂ ತಪ್ಪುತ್ತಿರಲಿಲ್ಲ.

ಒಂದು ಭಾನುವಾರ, ಪ್ರಾರ್ಥನೆ ಮುಗಿಸಿ ಮನೆಗೆ ಬಂದ ಮೇಲೆ, ನನ್ನನ್ನೂ ಊಟಕ್ಕೆ ಕರೆದಿದ್ದ ತರೂಯಾ ಎಲ್ಲವನ್ನೂ ಹೇಳಿಬಿಟ್ಟ. ಒಂದನ್ನೂ ಮುಚ್ಚಿಡಲಿಲ್ಲ. ಗಾಳಿಯಿತ್ತು, ಹಾಯಿ ಗಟ್ಟಿಯಾಗಿತ್ತು, ರೂತಾ ಬೇಡಿಕೊಂಡಳು, ನಾನು ಹೋಗಲಿಲ್ಲ. ಹೇಳುತ್ತ ಹೇಳುತ್ತ ನೆಲಕ್ಕೆ ಕುಳಿತು ಅವಳ ಪಾದ ಹಿಡಿದುಕೊಂಡ.

ಅಕ್ಕ ಕೈಯಲ್ಲಿ ಸೌಟು ಹಿಡಿದು ನಿಂತಿದ್ದಳು. “ತಮ್ಮನ ಮೇಲೆ ಈಗ ಪ್ರೀತಿ ಉಕ್ಕಿತಾ? ಅವನನ್ನ ಉಳಿಸೋಕೆ ಸುಳ್ಳು ಹೇಳ್ತಿದೀಯ” ಅಂದಳು.

“ಸುಳ್ಳಲ್ಲ. ರೂತಾನ ಕೇಳು.”

“ನಿಜ ಅಕ್ಕ” ಅಂದೆ. “ಅವನು ಹೇಳಿದ್ದೆಲ್ಲ ನಿಜ.”

ಅವಳು ನನ್ನನ್ನು ನೋಡಿದಳು. ಆಮೇಲೆ ಗಂಡನ ತಲೆಯನ್ನು, ಅದರ ನಡುವೆ ಕೂದಲು ತೆಳುವಾಗಿದ್ದ ಜಾಗವನ್ನು ನೋಡಿದಳು. ಅವಳಿಗೆ ಗೊತ್ತಾಯಿತೆಂದು ನನಗೆ ಗೊತ್ತಾಯಿತು. ಬಹುಶಃ ಮೊದಲ ದಿನದಿಂದಲೂ ಗೊತ್ತಿತ್ತೇನೋ.

“ಇಲ್ಲ. ಸೈತುನೇ ಮಾಡಿದ್ದು” ಅಂದಳು. “ಇನ್ನೊಂದು ಸಲ ಈ ಮಾತು ಎತ್ತಬೇಡಿ ಇಬ್ರೂ. ಅವನು ಅಂತ ಅಂದ್ಕೊಂಡು ತಾನೇ ನಾನು ಈ ಮನೇಲಿ ಒಲೆ ಹಚ್ತಾ ಇರೋದು? ನೀನು ಅಂತಾದ್ರೆ ನಾನೆಲ್ಲಿಗೆ ಹೋಗ್ಲಿ? ಹೇಳು, ಎಲ್ಲಿಗೆ ಹೋಗ್ಲಿ?”

ಕಾಲನ್ನು ಮೆಲ್ಲಗೆ ಬಿಡಿಸಿಕೊಂಡು ಒಲೆಯ ಕಡೆ ಹೋದಳು. ಮೂರು ತಟ್ಟೆಗೆ ಅನ್ನ ಬಡಿಸಿ ಮೀನಿನ ತುಂಡು ಇಟ್ಟಳು. ತರೂಯಾ ಎದ್ದು ಕೈ ತೊಳೆದು ಬಂದ. ಅವಳು ತಲೆ ಬಗ್ಗಿಸಿ ಊಟದ ಪ್ರಾರ್ಥನೆ ಹೇಳಿದಳು, ನಾವು ಆಮೆನ್ ಅಂದೆವು. ಊಟ ಮಾಡಿದೆವು.